ಎಡಕ್ಕೆ ಏರಿದ ಕಟ್ಟು

“ಬೀಜ ಇಲ್ಲದ ನಿಂಬೆ ಬರುತ್ತಲ್ಲಮ್ಮಾ, ಅದರ ಬೀಜ ಒಂದು ಪೊಟ್ಟಣ ಕೊಡಿ.”

ಗೇಟಿನ ಬಳಿ ನಿಂತವನು ತಮಾಷೆ ಮಾಡುತ್ತಿರಲಿಲ್ಲ. ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು, ಕಂಕುಳಲ್ಲಿ ಚೀಲ ಇಟ್ಟುಕೊಂಡು, ಬಿಸಿಲಲ್ಲಿ ನಡೆದು ಬಂದ ಸುಸ್ತಿನಲ್ಲಿ ಮನಸಾರೆ ಕೇಳಿದ್ದ. ಬೇರೆ ದಿನವಾಗಿದ್ದರೆ ತನಿಖೆಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಮೊನ್ನೆ ಬೆಳಿಗ್ಗೆ ಈ ನರ್ಸರಿಯ ಕಸಿ ಶೆಡ್ಡಿನಲ್ಲಿ ಅದರ ಮಾಲೀಕ, ಅವಳ ಒಡಹುಟ್ಟಿದ ತಮ್ಮ, ತಲೆ ಒಡೆದು ಸತ್ತು ಬಿದ್ದಿದ್ದ. ಅವತ್ತಿನಿಂದ ಅವಳಿಗೆ ಏನೂ ಬರುತ್ತಿರಲಿಲ್ಲ. ಅಳು ಕೂಡ.

“ಬೀಜ ಇಲ್ಲದ್ದಕ್ಕೆ ಬೀಜ ಎಲ್ಲಿಂದ ತರಲಪ್ಪಾ?” ಎಂದಳು.

ಅವನು ನಾಲಿಗೆ ಕಚ್ಚಿಕೊಂಡ. “ಅಯ್ಯೋ, ಹೌದಲ್ವಾ! ಹಾಗಾದ್ರೆ ಗಿಡ ಹೇಗೆ ಮಾಡ್ತಾರೆ?”

“ದ್ರಾಕ್ಷಿಗಾದ್ರೆ ಕಡ್ಡಿ ಕತ್ತರಿಸಿ ನೆಟ್ರೆ ಸಾಕು. ಬಾಳೆಗೆ ಬುಡದಲ್ಲಿ ಬರೋ ಕಂದು. ನಿಂಬೆಗೆ ಕಣ್ಣು.”

“ಕಣ್ಣು?”

“ಎಲೆ ಬುಡದಲ್ಲಿ ಒಂದು ಮೊಗ್ಗು ಮಲಗಿರುತ್ತಲ್ಲ, ಅದು. ಕಾಡುನಿಂಬೆ ಬೀಜ ಹಾಕಿ ಗಿಡ ಎಬ್ಬಿಸ್ತಾರೆ. ಅದರ ತೊಗಟೆ ಸೀಳಿ, ಒಳ್ಳೇ ಮರದ ಕಣ್ಣು ತೆಗೆದು ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ತಾರೆ. ಕಣ್ಣು ಚಿಗುರಿದ ಮೇಲೆ ಕಾಡಿನ ತಲೆ ಕತ್ತರಿಸಿ ಬಿಸಾಕ್ತಾರೆ. ಬೇರು ಕಾಡಿಂದು, ಹಣ್ಣು ನಾಡಿಂದು.”

“ಸರಿ, ಆ ಒಳ್ಳೇ ಮರ ಎಲ್ಲಿಂದ ಬಂತು?”

“ಅದರ ಹಿಂದಿನ ಒಳ್ಳೇ ಮರದಿಂದ. ಎಲ್ಲೋ ಒಂದ್ಸಲ ಯಾವುದೋ ಮರದ ಒಂದು ಕೊಂಬೆಗೆ ತಲೆ ಕೆಟ್ಟು ಬೀಜ ಬಿಡೋದೇ ಮರೆತುಹೋಯ್ತು. ಅಲ್ಲಿಂದ ಇಲ್ಲೀವರೆಗೂ ಅದೇ ಕೊಂಬೆ.”

“ಅಂದ್ರೆ ಇಲ್ಲಿರೋ ನಿಂಬೆಗಿಡ ಎಲ್ಲಾ ಸೇರಿ ಒಂದೇ ಮರ ಅನ್ನಿ!”

“ಅನ್ನೋದೇನು, ಒಂದೇ.”

ಅವನು ಭಲೇ ಭಲೇ ಎನ್ನುತ್ತಾ, ಅಂಗಡಿ ತೆರೆದ ಮೇಲೆ ಬರುತ್ತೇನೆಂದು ಹೊರಟುಹೋದ. ಹೇಳಿದ ಮಾತೆಲ್ಲ ತಮ್ಮನ ಮಾತು ಎನ್ನುವುದು ತನಿಖೆಯಮ್ಮನಿಗೆ ಆಮೇಲೆ ಹೊಳೆಯಿತು. ಗಿರಾಕಿಗಳಿಗೆ ಅವನು ಇದನ್ನೇ, ಇದೇ ವರಸೆಯಲ್ಲಿ ಹೇಳುತ್ತಿದ್ದ. ಈಗಲಾದರೂ ಅಳು ಬಂದೀತು ಎಂದು ಕಾದಳು. ಬರಲಿಲ್ಲ. ಮನಸ್ಸು ಮರಗಟ್ಟಿಹೋಗಿತ್ತು.

ತನಿಖೆಯಮ್ಮ ಎನ್ನುವುದು ಪೊಲೀಸ್ ಠಾಣೆಯವರು ಇಟ್ಟ ಹೆಸರು. ನಿವೃತ್ತಿಯಾದರೂ ಹೆಸರು ನಿವೃತ್ತಿಯಾಗಲಿಲ್ಲ. ಕೊನೆಗೆ ಸ್ವಂತ ತಮ್ಮನೂ “ಏನ್ ತನಿಖೆಯಮ್ಮಾ, ಊಟ ಆಯ್ತಾ?” ಎಂದೇ ಫೋನು ಮಾಡುತ್ತಿದ್ದ.

ಗೇಟಿನ ಪಕ್ಕದ ಗೋಡೆಗೊರಗಿ ಇನ್ನೊಬ್ಬಳು ಕೂತಿದ್ದಳು. ನರ್ಸರಿಯ ಕಸಿ ಮೇಸ್ತ್ರಿಯ ಹೆಂಡತಿ; ಗಂಡ ಪೊಲೀಸರ ವಶದಲ್ಲಿದ್ದ. ಬೆಳಗಿನಿಂದ ಅಲ್ಲಿಂದ ಎದ್ದಿರಲಿಲ್ಲ.

“ಅಕ್ಕಾ, ಮಧ್ಯಾಹ್ನ ಅವರನ್ನ ಕೋರ್ಟಿಗೆ ಹಾಜರು ಮಾಡ್ತಾರಂತೆ. ಆಮೇಲೆ ಜೈಲಿಗೇ ಅಂತೆ.”

“ಗೊತ್ತು.”

“ಯಜಮಾನರು ಅಂದ್ರೆ ನಮ್ಮವರಿಗೆ ದೇವರು ಅಕ್ಕಾ. ಜಗಳ ಆಡಿದ್ದು ನಿಜ. ಕಣ್ಣು ತೆಗೆಯೋ ತಾಯಿಮರದ ಕಡ್ಡಿನ ಹೊರಗಿನವರಿಗೆ ಕೊಡಬೇಡಿ ಅಂತ ಕಿರುಚಾಡಿದ್ರು. ಅಷ್ಟಕ್ಕೆ ಕೊಂದುಬಿಡ್ತಾರಾ?”

“ನಿನ್ನ ಗಂಡನ್ನ ಇವತ್ತು ಮನೆಗೆ ಕಳಿಸ್ತೀನಿ. ಮಾತು ಕೊಟ್ಟೆ ಅಂದ್ಕೋ. ಎದ್ದು ನೆರಳಿಗೆ ಹೋಗು.”

ಮಾತು ಕೊಡುವುದು ತನಿಖೆಯಮ್ಮನ ಜಾಯಮಾನವಲ್ಲ. ನಲವತ್ತರ ಆಸುಪಾಸಿನ ಆ ಹೆಂಗಸಿನ ಒಣಗಿದ ತುಟಿ ನೋಡಿ ಬಾಯಿ ತಪ್ಪಿ ಬಂದದ್ದೂ ಅಲ್ಲ. ಮೇಸ್ತ್ರಿ ನಿರಪರಾಧಿ ಎನ್ನುವುದಕ್ಕೆ ಅವಳ ಬಳಿ ಪುರಾವೆಯೇ ಇತ್ತು. ಪೊಲೀಸರು ನೋಡಿಯೂ ನೋಡದ ಪುರಾವೆ.

ಅದು ಶೆಡ್ಡಿನೊಳಗೆ, ಬೆಂಚಿನ ಮೇಲೆ, ಒಂದು ಪುಟ್ಟ ಪಾಲಿಥಿನ್ ಚೀಲದ ಮಣ್ಣಿನಲ್ಲಿ ನಿಂತಿತ್ತು.

ಶೆಡ್ಡೆಂದರೆ ತಗಡಿನ ಮಾಡು, ಮೂರು ಕಡೆ ಹಸಿರು ಬಲೆ. ನಡುವೆ ಉದ್ದನೆಯ ಕಲ್ಲು ಬೆಂಚು. ಅದರ ಮೂಲೆಗೆ ತಲೆ ಬಡಿದೇ ತಮ್ಮ ಸತ್ತದ್ದು. ಯಾರೋ ನೂಕಿದ್ದಾರೆ, ಎದೆಯ ಮೇಲೆ ಕಂದಿದ ಗುರುತು ಇದೆ ಎಂದು ವೈದ್ಯರು ಹೇಳಿದ್ದರು. ಬೆಂಚಿನ ಮೇಲೆ ಅರ್ಧಕ್ಕೇ ಬಿಟ್ಟ ಒಂದು ಕಸಿ ಗಿಡ. ತಮ್ಮ ಪ್ರತಿ ಸಂಜೆ ಬೆಂಚು ತೊಳೆದು ಬರಿದು ಮಾಡಿಯೇ ಮನೆಗೆ ಹೋಗುತ್ತಿದ್ದ, ಅದನ್ನು ನರ್ಸರಿಯಲ್ಲಿ ಎಲ್ಲರೂ ಬಲ್ಲರು. ಅಂದಮೇಲೆ ಆ ಗಿಡ ಅವತ್ತು ಬೆಳಿಗ್ಗೆಯದೇ. ತಮ್ಮ ಸಾಯುವ ಹೊತ್ತಿಗೆ ಯಾರೋ ಅಲ್ಲಿ ಕೂತು ಕಣ್ಣು ಕಟ್ಟುತ್ತಿದ್ದರು.

ಪೊಲೀಸರ ಲೆಕ್ಕ ಸಲೀಸಾಗಿತ್ತು. ಇಲ್ಲಿ ಕಸಿ ಬಲ್ಲವರು ಇಬ್ಬರು, ಒಬ್ಬ ಸತ್ತ, ಉಳಿದವನು ಮೇಸ್ತ್ರಿ. ಹಿಂದಿನ ದಿನ ಜಗಳವಾಡಿದವನೂ ಅವನೇ, ಹೆಣದ ಪಕ್ಕ ಕೈಗೆ ರಕ್ತ ಮಾಡಿಕೊಂಡು ಸಿಕ್ಕವನೂ ಅವನೇ. ಇನ್ನೇನು ಬೇಕು, ಕೈಗೆ ಕೋಳ!

ತನಿಖೆಯಮ್ಮ ಬಗ್ಗಿ ಮತ್ತೊಮ್ಮೆ ನೋಡಿದಳು. ಪಟ್ಟಿ ಕೆಳಗಿನಿಂದ ಮೇಲಕ್ಕೆ ಸುತ್ತಿತ್ತು, ನೀರು ಒಳಗೆ ಇಳಿಯದ ಹಾಗೆ. ಆ ಮಟ್ಟಿಗೆ ಪಳಗಿದ ಕೈ. ಕೊನೆಯ ಗಂಟು ಹಾಕುವ ಮೊದಲೇ ಬಿಟ್ಟದ್ದರಿಂದ ಪಟ್ಟಿಯ ತುದಿ ಜೋತಾಡುತ್ತಿತ್ತು, ಗಾಳಿ ತಗುಲಿ ಒಳಗಿನ ಕಣ್ಣು ಕಪ್ಪಾಗಿತ್ತು. ಆದರೆ ಸುತ್ತು ಎಡಕ್ಕೆ ಓರೆಯಾಗಿ ಏರಿತ್ತು.

ಹೊರಗೆ ಸಾಲುಸಾಲಾಗಿ ನಿಂತಿದ್ದ ಗಿಡಗಳನ್ನು ಅವಳು ಬೆಳಗಿನಿಂದ ನೋಡಿ ಮುಗಿಸಿದ್ದಳು. ತಮ್ಮ ಕಟ್ಟಿದ್ದು, ಮೇಸ್ತ್ರಿ ಕಟ್ಟಿದ್ದು, ಪ್ರತಿಯೊಂದೂ ಬಲಕ್ಕೆ ಏರುತ್ತಿತ್ತು. ಇಬ್ಬರಿಗೂ ಗುರು ಒಬ್ಬನೇ, ಅವಳ ಅಪ್ಪ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ಸುತ್ತಿದ ಕೈ ಒಂದು ಬೆಳಿಗ್ಗೆ ಎದ್ದು ದಿಕ್ಕು ಬದಲಾಯಿಸುವುದಿಲ್ಲ.

ಹಾಗಾದರೆ ಮೂರನೆಯ ಕೈಯೊಂದಿದೆ. ಪೊಲೀಸರಿಗೆ ಗೊತ್ತಿಲ್ಲದ ಕೈ.

“ಅತ್ತಿಗೆ, ಕಾಫಿ.”

ತಮ್ಮನ ಹೆಂಡತಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಅಂಗಡಿಯ ಕೌಂಟರು ನೋಡಿಕೊಳ್ಳುವವಳು ಅವಳು. ಕಸಿಯ ಗಂಧಗಾಳಿ ತನಗೆ ಗೊತ್ತಿಲ್ಲ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಳು.

ತನಿಖೆಯಮ್ಮ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ.

“ನಿನ್ನ ಹೆಬ್ಬೆರಳು ತೋರಿಸಮ್ಮ.”

“ಯಾಕೆ?”

“ತೋರಿಸು.”

ಅವಳು ಕೈಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡಳು. ಅಷ್ಟರಲ್ಲಿ ತನಿಖೆಯಮ್ಮ ನೋಡಬೇಕಾದ್ದನ್ನು ನೋಡಿಯಾಗಿತ್ತು. ಬಲ ಹೆಬ್ಬೆರಳ ಮೆತ್ತೆಯ ಮೇಲೆ ಕೂದಲೆಳೆಯಂಥ ಗೀರುಗಳು. ಕಣ್ಣು ಎತ್ತುವಾಗ ಕಸಿಚಾಕು ಹೆಬ್ಬೆರಳಿಗೆ ಬಂದು ನಿಲ್ಲುತ್ತದೆ. ತರಕಾರಿ ಹೆಚ್ಚಿದರೆ ಅಲ್ಲಿ ಗೀರು ಬೀಳುವುದಿಲ್ಲ.

“ನಿನಗೆ ಕಸಿ ಬರುತ್ತೆ.”

“ಮನೆಯಲ್ಲಿ ಕೂತು ಒಂದೆರಡು ಕಟ್ಟಿರಬಹುದು. ಅದನ್ನೆಲ್ಲ ಬರುತ್ತೆ ಅಂತಾರಾ?”

“ಪೊಲೀಸರಿಗೆ ಯಾಕೆ ಸುಳ್ಳು ಹೇಳಿದೆ?”

“ಅತ್ತಿಗೆ, ನಿಮ್ಮ ತಮ್ಮ ಹೋಗಿ ಇನ್ನೂ ಬೂದಿ ಆರಿಲ್ಲ. ನನ್ನ ಮೇಲೇ ಅನುಮಾನಾನಾ ನಿಮಗೆ?”

“ನನಗೆ ಎಲ್ಲರ ಮೇಲೂ ಅನುಮಾನ. ಅದೇ ತಾನೇ ಇಷ್ಟು ವರ್ಷ ಅನ್ನ ಹಾಕಿದ್ದು. ಬಾ, ಕೂತ್ಕೋ. ಒಂದು ಕಟ್ಟು.”

“ಇಲ್ಲೇನಾ? ಈ ಬೆಂಚಿನ ಮೇಲಾ? ನಿಮಗೆ ಕರುಳು ಅನ್ನೋದು ಇದೆಯಾ?”

ಇದೆಯೋ ಇಲ್ಲವೋ ತನಿಖೆಯಮ್ಮನಿಗೂ ಗೊತ್ತಿರಲಿಲ್ಲ. ಅವಳು ಒಂದು ಕಾಡುನಿಂಬೆ ಗಿಡ, ಕಣ್ಣಿನ ಕಡ್ಡಿ, ಚಾಕು, ಪಟ್ಟಿಯ ಸುರುಳಿ ತಂದು ಮುಂದಿಟ್ಟಳು.

ತಮ್ಮನ ಹೆಂಡತಿ ಕೊನೆಗೂ ಒಳಗೆ ಬಂದಳು. ಸಿಟ್ಟಿನಲ್ಲೇ ಚಾಕು ಎತ್ತಿಕೊಂಡಳು. ತೊಗಟೆ ಸೀಳಿದಳು, ಕಣ್ಣು ಎತ್ತಿದಳು, ಒಳಗೆ ಜಾರಿಸಿದಳು. ಪಟ್ಟಿ ಸರಸರನೆ ಸುತ್ತಿಕೊಂಡಿತು. ಒಂದೆರಡು ಕಟ್ಟಿದ ಕೈಯಲ್ಲ ಅದು.

“ತಗೊಳ್ಳಿ. ಸಮಾಧಾನ ಆಯ್ತಾ?”

ಸುತ್ತು ಬಲಕ್ಕೆ ಏರಿತ್ತು.

ತನಿಖೆಯಮ್ಮ ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂರನೆಯ ಕೈ ಇದೂ ಅಲ್ಲ. ಅವಳ ಲೆಕ್ಕ ತಪ್ಪಿತ್ತು. ತಪ್ಪಿದ್ದಕ್ಕೆ ಬೇಸರವಾಗಬೇಕಿತ್ತು, ಅಥವಾ ಈ ಹೆಣ್ಣಲ್ಲವಲ್ಲ ಎಂದು ನಿರಾಳವಾಗಬೇಕಿತ್ತು. ಎರಡೂ ಆಗಲಿಲ್ಲ.

“ಸುತ್ತು ನೋಡ್ತಿದೀರಿ ನೀವು,” ಎಂದಳು ತಮ್ಮನ ಹೆಂಡತಿ ಮೆಲ್ಲಗೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಗೊತ್ತಾಯ್ತು ನಿಮಗೆ.”

“ಏನು ಗೊತ್ತಾಯ್ತು?”

“ಬೇಡ ಬಿಡಿ ಅತ್ತಿಗೆ. ಮನೆಗೆ ಹೋಗಿ. ನಿಮ್ಮ ಕಾಲಿಗೆ ಬೀಳ್ತೀನಿ, ಇದನ್ನ ಇಲ್ಲಿಗೇ ಬಿಟ್ಟುಬಿಡಿ.”

“ಒಬ್ಬ ಮನುಷ್ಯ ಜೈಲಿಗೆ ಹೋಗ್ತಿದಾನೆ. ಅವನ ಹೆಂಡತಿ ಹೊರಗೆ ಕೂತಿದಾಳೆ. ಬಿಡೋದು ಹೇಗೆ?”

ತಮ್ಮನ ಹೆಂಡತಿ ಇನ್ನೊಂದು ಕಾಡುನಿಂಬೆ ಗಿಡ ತಂದು ಅವಳ ಮುಂದೆ ಇಟ್ಟಳು.

“ಹಾಗಾದ್ರೆ ನೀವೊಂದು ಕಟ್ಟಿ.”

“ನಾನು ಬಿಟ್ಟು ಎಷ್ಟು ಕಾಲ ಆಯ್ತು.”

“ಕಟ್ಟಿ ಅತ್ತಿಗೆ.”

ತನಿಖೆಯಮ್ಮ ಕಟ್ಟಿದಳು. ಮದುವೆಗೆ ಮುಂಚೆ ಬಿಟ್ಟ ಕೆಲಸ. ಆದರೂ ಬೆರಳುಗಳು ಅವಳನ್ನು ಏನೂ ಕೇಳಲಿಲ್ಲ. ಸೀಳಿದವು, ಎತ್ತಿದವು, ಕೂರಿಸಿದವು, ಸುತ್ತಿದವು. ಗಂಟು ಹಾಕಿ ಕೈ ತೆಗೆದಳು.

ಸುತ್ತು ಎಡಕ್ಕೆ ಏರಿತ್ತು.

ಬೆಂಚಿನ ಮೇಲೆ ಎರಡು ಗಿಡ ಅಕ್ಕಪಕ್ಕ. ಒಂದು ಮೊನ್ನೆಯದು, ಒಂದು ಈಗಿನದು. ಒಂದೇ ಓರೆ, ಒಂದೇ ಬಿಗಿ. ಸುತ್ತು ಸುತ್ತಿನ ನಡುವಿನ ಅಂತರವೂ ಒಂದೇ.

ಅಪ್ಪ ನೆನಪಾದ. ಇದೇ ಬೆಂಚು. ಅಪ್ಪನ ಪಕ್ಕದಲ್ಲಿ ಮಣೆ ಒಂದೇ, ಅದರ ಮೇಲೆ ತಮ್ಮ. ಹೆಣ್ಣುಮಗುವಿಗೆ ಯಾರೂ ಕಲಿಸುತ್ತೇವೆಂದಿರಲಿಲ್ಲ. ಅವಳು ಎದುರಿಗೆ ಕುಂಡ ಬೋರಲು ಹಾಕಿಕೊಂಡು ಕೂತು, ನೋಡಿ ನೋಡಿಯೇ ಕಲಿತಳು. ಅಪ್ಪನ ಕೈ ಪಟ್ಟಿಯನ್ನು ಅವನಿಂದ ಆಚೆಗೆ ತಳ್ಳುತ್ತಿತ್ತು. ಎದುರಿಗೆ ಕೂತವಳ ಕಣ್ಣಿಗೆ ಅದು ತನ್ನ ಕಡೆಗೆ ಬರುತ್ತಿತ್ತು. ಹಾಗಾಗಿ ಅವಳ ಕೈ ಪಟ್ಟಿಯನ್ನು ತನ್ನ ಕಡೆಗೇ ಎಳೆದುಕೊಳ್ಳುವುದನ್ನು ಕಲಿಯಿತು. “ಉಲ್ಟಾ ಕೈಯವಳು” ಎಂದು ಅಪ್ಪ ನಗುತ್ತಿದ್ದ. ಆಮೇಲೆ ಅವಳು ಲಾಠಿ ಹಿಡಿದಳು, ಪಟ್ಟಿ ಮರೆತಳು.

ಮರೆತಳು ಎಂದುಕೊಂಡಿದ್ದಳು. ಮಗಳಿಗೆ ಕಲಿಸಿದ್ದನ್ನೂ.

“ರಜಕ್ಕೆ ಇಲ್ಲಿ ಬಿಟ್ಟು ಹೋಗ್ತಿದ್ರಲ್ಲ,” ತಮ್ಮನ ಹೆಂಡತಿ ಹೇಳುತ್ತಿದ್ದಳು. “ಒಂದು ದಿನ ಅಳು ನಿಲ್ಲಿಸೋಕೆ ಅಂತ ತೊಡೆ ಮೇಲೆ ಕೂರಿಸ್ಕೊಂಡು, ಅವಳ ಕೈ ಹಿಡಿದು ಕಟ್ಟಿಸಿದ್ರಿ. ಎದುರಿಗೆ ಕೂರಿಸಿದ್ರೆ ಸರಿಯಾಗಿ ಕಲೀತಿದ್ಲೋ ಏನೋ. ತೊಡೆ ಮೇಲೆ ಕೂತು ನಿಮ್ಮದನ್ನೇ ಕಲಿತಳು. ಇವರು ತಿದ್ದೋಕೆ ಹೋಗಿ ಸೋತರು. ‘ಅಮ್ಮನ ಕೈ ಕಣೇ ಇದು, ಬದಲಾಗಲ್ಲ’ ಅಂತಿದ್ರು.”

“ಅವಳು ಇಲ್ಲಿಗೆ ಬಂದು ವರ್ಷ ಆಯ್ತು.”

“ನಿಮಗೆ ಹಾಗಂತ ಹೇಳಿದಾಳೆ.”

ತನಿಖೆಯಮ್ಮ ಎರಡೂ ಗಿಡಗಳನ್ನು ಇನ್ನಷ್ಟು ಹತ್ತಿರ ಸರಿಸಿ ನೋಡಿದಳು.

“ಬಾಟಲಿಯಲ್ಲಿ ಗಿಡ ಬೆಳೆಸೋ ಲ್ಯಾಬಿಗೆ ಕೆಲಸಕ್ಕೆ ಸೇರಿದ್ಲಲ್ಲ, ಅವರಿಗೆ ನಮ್ಮ ತಾಯಿಮರದ ಕಡ್ಡಿ ಬೇಕಿತ್ತು. ಅವಳು ಬಂದು ಬಂದು ಕೇಳಿದ್ಲು. ಇವರು ಮೊದಲು ಆಗಲ್ಲ ಅಂದ್ರು, ಆಮೇಲೆ ಮೆತ್ತಗಾದ್ರು. ಅದಕ್ಕೇ ಮೇಸ್ತ್ರಿ ಕೂಗಾಡಿದ್ದು. ಮೊನ್ನೆ ಬೆಳಿಗ್ಗೆ ಅವಳು ಬಂದಿದ್ಲೋ ಇಲ್ವೋ ನಾನು ಕಣ್ಣಾರೆ ನೋಡಿಲ್ಲ ಅತ್ತಿಗೆ. ಆದರೆ ಗಿಡ ನೋಡಿದೆ. ನೋಡಿದ ತಕ್ಷಣ ಗೊತ್ತಾಯ್ತು.”

“ಗೊತ್ತಿದ್ದೂ ಮೇಸ್ತ್ರೀನ ಹಿಡಿದುಕೊಂಡು ಹೋಗೋಕೆ ಬಿಟ್ಟೆ.”

“ಬಿಟ್ಟೆ.” ಅವಳ ಕಣ್ಣಲ್ಲಿ ನೀರು ತುಂಬಿತು. “ಅವಳು ನಿಮಗೊಬ್ಬರಿಗೇ ಮಗಳಾ? ಬೀಜ ಇಲ್ಲದ ನಿಂಬೆ ಮಾರೋರ ಮನೇಲಿ ಮಕ್ಕಳೂ ಇಲ್ಲ ಅಂತ ಜನ ಎಷ್ಟು ಆಡಿಕೊಂಡು ನಕ್ಕರು, ನಿಮಗೂ ಗೊತ್ತು. ಅವಳು ಒಬ್ಬಳು ಬಂದು ಅತ್ತೆ ಅಂದ್ರೆ ಸಾಕಿತ್ತು ನನಗೆ. ಗಂಡನ್ನಂತೂ ಕಳ್ಕೊಂಡೆ. ಅವಳನ್ನ ಹೇಗೆ ಕೊಡಲಿ?”

ತನಿಖೆಯಮ್ಮ ಮೊಬೈಲು ತೆಗೆದು ಮಗಳಿಗೆ ಕರೆ ಮಾಡಿದಳು. ಸ್ವಿಚ್ ಆಫ್. ಮಲಗಿರಬೇಕು, ಚಾರ್ಜು ಮುಗಿದಿರಬೇಕು ಎಂದು ಯಾವ ತಾಯಿಯಾದರೂ ಯೋಚಿಸುವುದನ್ನೇ ಯೋಚಿಸಿದಳು. ಸಾವಿನ ಸುದ್ದಿ ತಿಳಿಸಿದಾಗ ಫೋನಿನಲ್ಲಿ ಮಗಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಜ್ವರ, ಬರೋಕೆ ಆಗಲ್ಲ ಅಮ್ಮಾ ಎಂದಿದ್ದಳು. ಯಾವ ಕಳ್ಳನ ಮಾತನ್ನೂ ಎರಡು ಸಲ ಕೇಳದೆ ನಂಬದವಳು ಇದನ್ನು ಒಂದೇ ಸಲಕ್ಕೆ ನಂಬಿದ್ದಳು.

ಲ್ಯಾಬಿಗೆ ಕರೆ ಮಾಡಿದಳು. ಒಬ್ಬ ಹುಡುಗಿ ಎತ್ತಿದಳು.

“ಅವರಾ ಮೇಡಂ? ಅವರು ಕೆಲಸ ಬಿಟ್ಟು ಆಗಲೇ ತಿಂಗಳ ಮೇಲಾಯ್ತಲ್ಲ. ನಿಮಗೆ ಗೊತ್ತಿಲ್ವಾ?”

ಮೊಬೈಲನ್ನು ಬೆಂಚಿನ ಮೇಲೆ ಇಟ್ಟಳು. ಕಾಫಿ ಆರಿ ಕೆನೆ ಕಟ್ಟಿತ್ತು. ಎತ್ತಿ ಒಂದೇ ಗುಟುಕಿಗೆ ಕುಡಿದಳು. ರುಚಿಯೂ ತಿಳಿಯಲಿಲ್ಲ, ಆರಿದ್ದೂ ತಿಳಿಯಲಿಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು.

“ಅತ್ತಿಗೆ,” ತಮ್ಮನ ಹೆಂಡತಿ ಪಿಸುಗುಟ್ಟಿದಳು. “ಆ ಪಟ್ಟಿ ಬಿಚ್ಚಿಬಿಡಿ. ಒಂದು ಎಳೆತ. ಯಾರಿಗೂ ಗೊತ್ತಾಗಲ್ಲ.”

ನಿಜ. ಒಂದು ಎಳೆತ ಸಾಕಿತ್ತು. ಗಂಟೂ ಬಿದ್ದಿರಲಿಲ್ಲ. ತನಿಖೆಯಮ್ಮನ ಬೆರಳು ಜೋತಾಡುವ ತುದಿಯನ್ನು ಹಿಡಿಯಿತು. ಎಳೆದರೆ ಮಗಳು ಉಳಿಯುತ್ತಾಳೆ, ಮೇಸ್ತ್ರಿ ಹೋಗುತ್ತಾನೆ. ಇಷ್ಟು ಸರಳವಾದ ವಿಷಯ ಅವಳ ನೌಕರಿಯಲ್ಲಿ ಎಂದೂ ಬಂದಿರಲಿಲ್ಲ.

ಗೇಟಿನ ಕಡೆಯಿಂದ ಮೇಸ್ತ್ರಿಯ ಹೆಂಡತಿಯ ದನಿ ಕೇಳಿಸಿತು. “ಸ್ವಾಮೀ, ಅಕ್ಕ ಮಾತು ಕೊಟ್ಟಿದಾರೆ. ಒಳಗಿದಾರೆ, ಕೇಳಿ ಸ್ವಾಮೀ.”

ಬೆರಳು ಸಡಿಲವಾಯಿತು.

ಇನ್ಸ್‌ಪೆಕ್ಟರು ಟೋಪಿ ತೆಗೆದು ಒಳಗೆ ಬಂದ. ಹಿಂದೊಮ್ಮೆ ಅವಳ ಕೈಕೆಳಗೆ ಪಳಗಿದವನು. ಇವತ್ತಿಗೂ ಅವಳೆದುರು ಕೂರುತ್ತಿರಲಿಲ್ಲ.

“ಮೇಡಂ, ಈ ಗಿಡವನ್ನ ಸಾಕ್ಷಿಗೆ ಅಂತ ತಗೊಂಡು ಹೋಗ್ತೀನಿ. ಕೋರ್ಟಿಗೆ ಹೊತ್ತಾಯ್ತು. ನೀವು ನೋಡಿದ್ದಾಯ್ತಾ?”

“ಆಯ್ತು.”

“ಮೇಸ್ತ್ರಿ ತಾನೇ?”

“ಅಲ್ಲ.” ಅವಳು ಹೊರಗಿನ ಸಾಲಿನಿಂದ ತಂದಿಟ್ಟಿದ್ದ ಒಂದು ಗಿಡವನ್ನು ಅವನ ಕೈಗೆ ಕೊಟ್ಟಳು. “ಇದು ಮೇಸ್ತ್ರಿ ಕಟ್ಟಿದ್ದು. ಸುತ್ತು ಬಲಕ್ಕೆ ಏರುತ್ತೆ. ಇಲ್ಲಿರೋ ಎಲ್ಲವೂ ಬಲಕ್ಕೇ. ನಿಮ್ಮ ಸಾಕ್ಷಿ ಎಡಕ್ಕೆ ಏರಿದೆ ನೋಡಿ. ಮೇಸ್ತ್ರಿ ಕೈಯಲ್ಲಿ ಇದು ಬರೋಕೆ ಸಾಧ್ಯವೇ ಇಲ್ಲ. ಬಿಟ್ಟುಬಿಡಿ ಅವನನ್ನ.”

ಇನ್ಸ್‌ಪೆಕ್ಟರು ಎರಡನ್ನೂ ಕಣ್ಣ ಹತ್ತಿರ ಹಿಡಿದು ನೋಡಿದ. ದಡ್ಡನಲ್ಲ, ಎರಡನೆಯ ಸಲ ನೋಡಬೇಕಾಗಲಿಲ್ಲ. ಅವನ ಮುಖ ಗಂಭೀರವಾಯಿತು.

“ಹಾಗಾದ್ರೆ ಇದು ಯಾರ ಕೈ ಮೇಡಂ?”

ತಮ್ಮನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

“ನಂದು,” ಎಂದಳು ತನಿಖೆಯಮ್ಮ.

“ಅರ್ಥ ಆಗಲಿಲ್ಲ ಮೇಡಂ.”

“ಈಗಷ್ಟೇ ಕಟ್ಟಿದ್ದು ಪಕ್ಕದಲ್ಲೇ ಇದೆ, ಹೋಲಿಸಿ ನೋಡಿ. ಎಡಕ್ಕೆ ಸುತ್ತೋಳು ಈ ಮನೇಲಿ ನಾನೊಬ್ಬಳೇ. ಮೊನ್ನೆ ಬೆಳಿಗ್ಗೆ ನಾನಿಲ್ಲಿದ್ದೆ. ಮಾತಿಗೆ ಮಾತು ಬೆಳೆದು ತಳ್ಳಿದೆ. ಬರ್ಕೊಳ್ಳಿ.”

ದನಿ ಸ್ವಲ್ಪವೂ ಅಲುಗಲಿಲ್ಲ. ಅಂಗಡಿಯಲ್ಲಿ ಸಾಮಾನು ಬರೆಸಿದ ಹಾಗೆ ಬರೆಸುತ್ತಿದ್ದಳು.

ಇನ್ಸ್‌ಪೆಕ್ಟರು ಬರೆದುಕೊಳ್ಳಲಿಲ್ಲ. ಗಿಡಗಳನ್ನು ಬೆಂಚಿನ ಮೇಲೆ ಜೋಪಾನವಾಗಿ ಇಟ್ಟ. ಅವನ ಕಣ್ಣು ಕೆಂಪಾಗಿತ್ತು.

“ಮೇಡಂ, ಮೊನ್ನೆ ಬೆಳಿಗ್ಗೆ ಹಳೇ ಕೇಸಿನ ಸಾಕ್ಷಿಗೆ ಅಂತ ಕೋರ್ಟಿಗೆ ನಿಮ್ಮನ್ನ ಕರ್ಕೊಂಡು ಹೋದೋನು ನಾನು. ಸುದ್ದಿ ಬಂದಾಗ ನೀವು ನನ್ನ ಪಕ್ಕದಲ್ಲೇ ಕೂತಿದ್ರಿ. ನಿಮ್ಮ ಕೈಯಿಂದ ಜಾರಿದ ಮೊಬೈಲನ್ನ ಎತ್ತಿಕೊಟ್ಟೋನೂ ನಾನೇ.”

ತನಿಖೆಯಮ್ಮ ಅವನನ್ನು ನೋಡಿದಳು. ಹೌದು. ಕೋರ್ಟು, ಉದ್ದನೆಯ ಬೆಂಚು, ಪಕ್ಕದಲ್ಲಿ ಈ ಹುಡುಗ. ಎಲ್ಲವೂ ಇದ್ದದ್ದೇ. ಅದು ಹೇಗೆ ತಲೆಯಿಂದ ಜಾರಿಹೋಯಿತೋ! ಇಷ್ಟು ವರ್ಷದಲ್ಲಿ ಎಷ್ಟು ಜನರ ಹಸಿ ಹಸಿ ಸುಳ್ಳನ್ನು ಕೇಳಿದ್ದಳು. ಇದರಷ್ಟು ಹಸಿ ಸುಳ್ಳನ್ನು ಯಾವ ಮೂರ್ಖನೂ ಅವಳ ಮುಂದೆ ಹೇಳಿರಲಿಲ್ಲ.

ಆಗ ಬಂತು. ಮೊನ್ನೆಯಿಂದ ಬಾರದಿದ್ದ ಅಳು. ತಮ್ಮನಿಗಾಗಿ ಅಲ್ಲ, ಮಗಳು ಏನು ಮಾಡಿಕೊಂಡಾಳೋ ಎಂಬ ಭಯದಿಂದ. ಅವಳು ಬೆಂಚನ್ನು ಹಿಡಿದುಕೊಂಡಳು.

ಇನ್ಸ್‌ಪೆಕ್ಟರು ಹೊರಗಿದ್ದ ಪೇದೆಯನ್ನು ಕರೆದು, ಮೇಸ್ತ್ರಿಯನ್ನು ಕೋರ್ಟಿಗೆ ಕಳಿಸಬೇಡಿ, ತಡೆಯಿರಿ ಎಂದ. ಗೇಟಿನಲ್ಲಿ ಒಬ್ಬ ಹೆಂಗಸು ಜೋರಾಗಿ ಅಳತೊಡಗಿದಳು. ಅದು ಸಂತೋಷದ ಅಳು.

ಅವನು ಮತ್ತೆ ಒಳಗೆ ಬಂದು, ಈ ಸಲ ಮೊದಲ ಬಾರಿಗೆ, ಅವಳ ಎದುರು ಕೂತ.

“ನೀವು ಯಾರಿಗೋಸ್ಕರ ಸುಳ್ಳು ಹೇಳ್ತೀರಿ ಅಂತ ನನಗೆ ಗೊತ್ತು ಮೇಡಂ. ನಿಮಗೆ ಇರೋದು ಒಬ್ಬಳೇ. ಈಗ ಹೇಳಿ, ಮಗಳು ಎಲ್ಲಿದಾಳೆ?”

ತನಿಖೆಯಮ್ಮ ಬಾಯಿ ತೆರೆದಳು. ಈ ಸಲ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

“ಗೊತ್ತಿಲ್ಲ ಕಣಪ್ಪಾ,” ಎಂದಳು. “ಹುಡುಕು. ಬೇಗ ಹುಡುಕು.”